ಊಟದ ತಟ್ಟೆಯಲ್ಲಿ ಕುಲಾಂತರಿ: ಹುಡುಕುವುದು ಹೇಗೆ, ಎಲ್ಲಿ ಸಿಗುವುದಿಲ್ಲ

(ರಾಣೆಬೆನ್ನೂರಿನಲ್ಲಿ ಬೀಜೋತ್ಪಾದನೆ ಮಾಡುವ ರೈತರು ಮತ್ತು ವಿಜ್ಞಾನ ಶಿಕ್ಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಒಂದಿಷ್ಟು ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2021ರ ಜೂನ್ ತಿಂಗಳಲ್ಲಿ ಫ್ರಾನ್ಸ್ ದೇಶವು ಯುರೋಪಿನ ಆಹಾರ ಎಚ್ಚರಿಕೆ ಜಾಲಕ್ಕೆ ಒಂದು ಸೂಚನೆ ಕಳಿಸಿತು. ಭಾರತದಿಂದ ಬಂದ ನುಚ್ಚಕ್ಕಿಯನ್ನು ಬೀಸಿ ಮಾಡಿದ ಹಿಟ್ಟಿನಲ್ಲಿ ಅನುಮತಿ ಇಲ್ಲದ ಕುಲಾಂತರಿ, ಅಂದರೆ ಹೊರಗಿನ ವಂಶವಾಹಿ ಸೇರಿಸಿದ, ಅಕ್ಕಿಯ ಅಂಶ ಸಿಕ್ಕಿದೆ ಎಂಬುದು ಅದರ ಸಾರ. ಆ ಹೊತ್ತಿಗೆ ಹಿಟ್ಟು ಹಲವು ತಿಂಡಿಗಳೊಳಗೆ ಸೇರಿ ಹಲವು ದೇಶಗಳಿಗೆ ಹೋಗಿಯಾಗಿತ್ತು. ಮಾರ್ಸ್ ಕಂಪನಿ ತನ್ನ ಕ್ರಿಸ್ಪಿ ಎಂ ಆ್ಯಂಡ್ ಎಂಸ್ ಚಾಕೊಲೇಟಿನ ಕೆಲವು ಬ್ಯಾಚುಗಳನ್ನು ಅಂಗಡಿಗಳಿಂದ ವಾಪಸ್ ತರಿಸಿಕೊಂಡಿತು. ನಮ್ಮ ವಾಣಿಜ್ಯ ಸಚಿವಾಲಯ, ಭಾರತದಲ್ಲಿ ಕುಲಾಂತರಿ ಭತ್ತವನ್ನು ಯಾರೂ ವಾಣಿಜ್ಯವಾಗಿ ಬೆಳೆಯುವುದಿಲ್ಲ, ಬೆರಕೆ ಯುರೋಪಿನಲ್ಲೇ ಆಗಿರಬಹುದು ಎಂದು ಉತ್ತರಿಸಿತು.

ಈ ಜಗಳದಲ್ಲಿ ಯಾರು ಸರಿ ಎಂದು ತೀರ್ಪು ಕೊಡಲು ನಾನು ಇಲ್ಲಿ ನಿಂತಿಲ್ಲ. ಹಿಟ್ಟಾಗಿ, ಬೆಂದು, ಸಕ್ಕರೆ ಚಾಕೊಲೇಟಿನ ಹೊದಿಕೆಯೊಳಗೆ ಸೇರಿಹೋಗುವ ಅಕ್ಕಿಯ ಜಾತಕವನ್ನು ಒಂದು ಪ್ರಯೋಗಾಲಯ ಓದಬಲ್ಲದು ಎಂದರೆ ಅದು ಹೇಗೆ ಓದುತ್ತದೆ? ಎಷ್ಟರಮಟ್ಟಿಗೆ ನಂಬಬಹುದು? ಯಾವುದನ್ನು ಅದು ಓದಲಾರದು? ಇವತ್ತಿನ ಮಾತು ಈ ಮೂರು ಪ್ರಶ್ನೆಗಳ ಬಗ್ಗೆ. ಕುಲಾಂತರಿ ಆಹಾರ ಆರೋಗ್ಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆಯೇ ಚರ್ಚೆ. ಆದರೆ ನನ್ನ ತಟ್ಟೆಯಲ್ಲಿ ಏನಿದೆ ಎಂದು ತಿಳಿಯುವ ಹಕ್ಕು ನನಗಿದೆ ಅನ್ನುವುದರಲ್ಲಿ ಆ ಚರ್ಚೆಯ ಎರಡೂ ಕಡೆಯವರು ಒಪ್ಪಬೇಕು ಎಂದು ನಾನು ನಂಬಿದ್ದೇನೆ.

ಮೊದಲು ಹುಡುಕುವುದಾದರೂ ಏನನ್ನು ಎಂದು ನೋಡೋಣ. ಬಿಟಿ ಹತ್ತಿ ನಿಮಗೆಲ್ಲ ಗೊತ್ತು. ನಮ್ಮಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ತೆಗೆದ ಕಾಯಿಕೊರಕ ಹುಳುವನ್ನು ಕೊಲ್ಲುವ ಪ್ರೋಟೀನ್ ಮಾಡಿಸುವ ಕ್ರೈ1ಎಸಿ ಎಂಬ ವಂಶವಾಹಿಯನ್ನು ಹತ್ತಿಯ ಡಿಎನ್‌ಎಗೆ ಸೇರಿಸಿದ್ದಾರೆ. ಆದರೆ ವಂಶವಾಹಿಯೊಂದನ್ನೇ ಸೇರಿಸಿದರೆ ಗಿಡ ಅದನ್ನು ಓದುವುದಿಲ್ಲ. ಅದರ ಮುಂದೆ 'ಇಲ್ಲಿಂದ ಶುರು ಮಾಡು' ಎನ್ನುವ ತುಣುಕು ಬೇಕು, ಹಿಂದೆ 'ಇಲ್ಲಿಗೆ ನಿಲ್ಲಿಸು' ಎನ್ನುವ ತುಣುಕು ಬೇಕು. ಶುರುವಿನ ತುಣುಕನ್ನು ವಿಜ್ಞಾನಿಗಳು ಬಹಳ ಸಲ ಹೂಕೋಸಿಗೆ ರೋಗ ತರುವ ಒಂದು ವೈರಸ್ಸಿನಿಂದ ತೆಗೆದುಕೊಂಡರು. ಅದರ ಹೆಸರು 35ಎಸ್. ನಿಲ್ಲಿಸುವ ತುಣುಕನ್ನು ಗಿಡಗಳ ಬುಡದಲ್ಲಿ ಗಂಟು ಮಾಡುವ ಅಗ್ರೋಬ್ಯಾಕ್ಟೀರಿಯಂನಿಂದ ತಂದರು. ಅದಕ್ಕೆ ನಾಸ್ ಎಂದು ಹೆಸರು. ಬೆಳೆ ಬೇರೆ, ಕಂಪನಿ ಬೇರೆ, ಗುಣ ಬೇರೆಯಾದರೂ ಈ ಎರಡು ತುಣುಕುಗಳು ಮತ್ತೆ ಮತ್ತೆ ಬಳಕೆಯಾಗಿವೆ. ಹುಡುಕುವವರಿಗೆ ಇದು ಬಹಳ ಅನುಕೂಲವಾಯಿತು. ಹಿಟ್ಟಿನಲ್ಲಿ 35ಎಸ್ ಅಥವಾ ನಾಸ್ ಸಿಕ್ಕಿತೆಂದರೆ ಇಲ್ಲಿ ಏನೋ ಇದೆ, ಮುಂದೆ ನೋಡಬೇಕು ಎಂದು ಅರ್ಥ. ಇದು ಮೊದಲ ಜರಡಿ.

ಹುಡುಕಲು ಎರಡು ದಾರಿಗಳಿವೆ. ಸೇರಿಸಿದ ವಂಶವಾಹಿ ಗಿಡದಲ್ಲಿ ಉಂಟುಮಾಡುವ ಪ್ರೋಟೀನನ್ನು ಹುಡುಕಬಹುದು, ಇಲ್ಲವೇ ಡಿಎನ್‌ಎಯನ್ನೇ ಹುಡುಕಬಹುದು. ಪ್ರೋಟೀನಿನ ದಾರಿ ಸುಲಭ, ಅಗ್ಗ. ಎಲೆಯ ಚೂರನ್ನು ಸಣ್ಣ ಕೊಳವೆಯಲ್ಲಿ ದ್ರಾವಣ ಹಾಕಿ ಅರೆದು, ಆ ಪ್ರೋಟೀನನ್ನು ಗುರುತಿಸುವ ಕಾಗದದಂಥ ಪಟ್ಟಿ ಅದ್ದಿ ಐದು ಹತ್ತು ನಿಮಿಷ ಕಾದರೆ ಸಾಕು. ಒಂದು ಗೆರೆ ಬಂದರೆ ಪಟ್ಟಿ ಕೆಲಸ ಮಾಡಿದೆ, ಪ್ರೋಟೀನ್ ಸಿಕ್ಕಿಲ್ಲ. ಎರಡು ಗೆರೆ ಬಂದರೆ ಸಿಕ್ಕಿದೆ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯವರು ಬಿಟಿ ಬೀಜ ಅಸಲಿಯೋ ನಕಲಿಯೋ ಎಂದು ನೋಡಲು ಇಂಥ ಕಿಟ್‌ಗಳನ್ನು ನಮ್ಮ ದೇಶದಲ್ಲೇ ತಯಾರಿಸಿದರು. ಹೊಲದಲ್ಲಿ ನಿಂತು ಸುಲಭವಾಗಿ ಮಾಡಬಹುದಾದ ಪರೀಕ್ಷೆ ಇದು. ಆದರೆ ಆಹಾರಕ್ಕೆ ಬಂದಾಗ ಇದು ಬೇಗ ಸೋಲುತ್ತದೆ. ಬೇಯಿಸಿದಾಗ, ಹುರಿದಾಗ ಪ್ರೋಟೀನಿನ ಮಡಿಕೆ ಬಿಚ್ಚಿಕೊಳ್ಳುತ್ತದೆ, ಪಟ್ಟಿ ಅದನ್ನು ಗುರುತಿಸುವುದಿಲ್ಲ. ಹಸಿ ಕಾಳಿಗೆ ಪಟ್ಟಿ ಸರಿ, ಬಿಸ್ಕತ್ತಿಗೆ ಅಲ್ಲ.

ಡಿಎನ್‌ಎ ಅದಕ್ಕಿಂತ ಗಟ್ಟಿ. ಕುದಿಸಿದರೆ ತುಂಡಾಗುತ್ತದೆ, ಆದರೆ ತುಂಡುಗಳು ಉಳಿಯುತ್ತವೆ. ಆ ತುಂಡುಗಳಲ್ಲಿ ನಮಗೆ ಬೇಕಾದದ್ದನ್ನು ಮಾತ್ರ ಹಿಡಿದು ನಕಲು ಮಾಡುತ್ತ ಹೋಗುವ ವಿಧಾನವೇ ಪಿಸಿಆರ್. ಕೋವಿಡ್ ಕಾಲದಲ್ಲಿ ಈ ಹೆಸರು ಹಳ್ಳಿ ಹಳ್ಳಿಗೂ ಮುಟ್ಟಿತು, ಆದ್ದರಿಂದ ಹೊಸದಾಗಿ ಪರಿಚಯಿಸಬೇಕಿಲ್ಲ. ಕ್ಯಾರಿ ಮುಲ್ಲಿಸ್ ಇದನ್ನು 1983ರಲ್ಲಿ ಕಂಡುಹಿಡಿದರು, 1993ರಲ್ಲಿ ನೊಬೆಲ್ ಬಂತು. ಪ್ರತಿ ಸುತ್ತಿಗೂ ತುಣುಕುಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಒಂದು ತುಣುಕು 30 ಸುತ್ತಿನಲ್ಲಿ ಸುಮಾರು 107 ಕೋಟಿ ಆಗುತ್ತದೆ. ಆಹಾರದಲ್ಲಿ ಡಿಎನ್‌ಎ ಚೂರುಚೂರಾಗಿರುವುದರಿಂದ ನೂರು ಅಕ್ಷರಕ್ಕಿಂತ (ಡಿಎನ್‌ಎ ಸರಪಳಿಯ ಒಂದೊಂದು ಕೊಂಡಿಯನ್ನು ಅಕ್ಷರ ಎನ್ನುತ್ತಿದ್ದೇನೆ) ಕಡಿಮೆ ಉದ್ದದ ತುಣುಕನ್ನು ಹುಡುಕುವಂತೆ ಪರೀಕ್ಷೆಯನ್ನು ಹೆಣೆಯುತ್ತಾರೆ. ಉದ್ದದ ತುಣುಕು ಕೇಳಿದರೆ ಬೆಂದ ಆಹಾರ ಕೊಡಲಾರದು.

35ಎಸ್ ಸಿಕ್ಕಿತು ಎಂದಿಟ್ಟುಕೊಳ್ಳಿ. ಇದು ಯಾವ ಕುಲಾಂತರಿ? ಬಿಟಿ ಹತ್ತಿಯ ಚೂರೋ, ಕಳೆನಾಶಕ ತಾಳುವ ಸೋಯಾ ಅವರೆಯೋ? ಇಲ್ಲಿ ನಮ್ಮ ಕಡೆಯ ಕೌದಿಯನ್ನು ನೆನೆಸಿಕೊಳ್ಳಿ. ಒಂದೇ ಹಳೇ ಸೀರೆಯ ತುಂಡು ಹತ್ತು ಮನೆಯ ಕೌದಿಗಳಲ್ಲಿ ಇರಬಹುದು. ತುಂಡು ನೋಡಿ ಯಾರ ಕೌದಿ ಎಂದು ಹೇಳಲಾಗದು. ಆದರೆ ಆ ತುಂಡು ಪಕ್ಕದ ಯಾವ ಬಟ್ಟೆಗೆ, ಎಲ್ಲಿ ಸೇರಿ ಹೊಲಿಗೆ ಬಿದ್ದಿದೆ ಎಂದು ನೋಡಿದರೆ ಕೌದಿ ಇಂಥದ್ದೇ ಎಂದು ಖಚಿತವಾಗಿ ಹೇಳಬಹುದು. ಹೊರಗಿನ ಡಿಎನ್‌ಎ ಗಿಡದ ಸ್ವಂತ ಡಿಎನ್‌ಎಗೆ ಸೇರುವ ಆ ಗಡಿಯನ್ನು ಹುಡುಕುವುದೇ ಕೊನೆಯ, ಅತಿ ಖಚಿತವಾದ ಪರೀಕ್ಷೆ. ಪ್ರತಿ ಕುಲಾಂತರಿ ತಳಿಯ ಮೂಲದಲ್ಲೂ ಆ ಗಡಿ ಬೇರೆ ಬೇರೆ ಇರುತ್ತದೆ. ಈ ಒಂದೊಂದು ಸೇರ್ಪಡೆಯನ್ನು 'ಈವೆಂಟ್' ಎನ್ನುತ್ತಾರೆ. ನಮ್ಮ ಬಿಟಿ ಬದನೆಯದು ಇಇ-1, ಮೊದಲ ಬಿಟಿ ಹತ್ತಿಯದು ಮಾನ್ 531.

ಗಡಿಯನ್ನು ಹುಡುಕಬೇಕಾದರೆ ಗಡಿಯ ಅಕ್ಷರಗಳು ನಮಗೆ ಮೊದಲೇ ಗೊತ್ತಿರಬೇಕು. ಅದನ್ನು ಬಲ್ಲವರು ಆ ತಳಿ ಮಾಡಿದವರು. ಯುರೋಪಿನಲ್ಲಿ ಯಾವುದೇ ಕುಲಾಂತರಿ ಆಹಾರಕ್ಕೆ ಅನುಮತಿ ಕೇಳುವ ಕಂಪನಿ, ಅದನ್ನು ಪತ್ತೆ ಹಚ್ಚುವ ವಿಧಾನವನ್ನೂ ಮಾದರಿಯನ್ನೂ ಮೊದಲು ಒಪ್ಪಿಸಬೇಕು. ಇಟಲಿಯ ಇಸ್ಪ್ರಾದಲ್ಲಿರುವ ಯುರೋಪಿಯನ್ ಒಕ್ಕೂಟದ ಪ್ರಯೋಗಾಲಯ ಆ ವಿಧಾನವನ್ನು ಪರಿಶೀಲಿಸಿ ಪ್ರಕಟಿಸುತ್ತದೆ. ಬೆಲ್ಜಿಯಂನ ಗೀಲ್ ಎಂಬಲ್ಲಿ ಇಂತಿಷ್ಟು ಶೇಕಡಾ ಕುಲಾಂತರಿ ಎಂದು ಖಚಿತಪಡಿಸಿದ ಹಿಟ್ಟುಗಳನ್ನು ತಯಾರಿಸುತ್ತಾರೆ. ಜಗತ್ತಿನ ಪ್ರಯೋಗಾಲಯಗಳು ತಮ್ಮ ಅಳತೆಯನ್ನು ಆ ಹಿಟ್ಟಿನ ಜೊತೆ ಹೋಲಿಸಿ ನೋಡುತ್ತವೆ. ನಮ್ಮಲ್ಲಿ ಈ ಕೆಲಸದ ಮುಖ್ಯ ಕೇಂದ್ರ ದೆಹಲಿಯ ರಾಷ್ಟ್ರೀಯ ಸಸ್ಯ ಅನುವಂಶಿಕ ಸಂಪನ್ಮೂಲ ಬ್ಯೂರೋ, ಅಂದರೆ ಎನ್‌ಬಿಪಿಜಿಆರ್.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಪಿಸಿಆರ್ ಇಲ್ಲ, ಡಿಎನ್‌ಎ ಇಲ್ಲ. ಚೀಲದಿಂದ ಕಾಳು ತೆಗೆಯುವ ಮಾತು ಇದು. ಎಪಿಎಂಸಿಯಲ್ಲಿ ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದು ನೋಡುವುದನ್ನು ನೀವು ದಿನವೂ ಕಾಣುತ್ತೀರಿ. ಒಂದು ಲಾರಿ ಗೋವಿನಜೋಳದಲ್ಲಿ ಸಾವಿರಕ್ಕೆ ಒಂದು ಕಾಳು ಕುಲಾಂತರಿ ಎಂದುಕೊಳ್ಳೋಣ. ನಾನು ಒಂದು ಹಿಡಿ ತಂದರೆ ಅದರಲ್ಲಿ ಆ ಕಾಳು ಇರದೇ ಹೋಗುವುದೇ ಹೆಚ್ಚು. ಎಷ್ಟು ಕಾಳು ತಂದರೆ ತಪ್ಪಿಸಿಕೊಳ್ಳುವುದಿಲ್ಲ? ಲೆಕ್ಕ ಸರಳವಾಗಿದೆ. ಶೇಕಡಾ 1ರಷ್ಟು ಬೆರಕೆಯನ್ನು ಶೇ. 95ರ ಭರವಸೆಯಿಂದ ಹಿಡಿಯಲು 300 ಕಾಳು ಬೇಕು. ಶೇ. 0.1 ಆದರೆ 3,000 ಕಾಳು ಬೇಕು. ಬೆರಕೆ ಹತ್ತು ಪಾಲು ಕಡಿಮೆಯಾದರೆ ಕಾಳು ಹತ್ತು ಪಾಲು ಹೆಚ್ಚಬೇಕು. 3,000 ಗೋವಿನಜೋಳದ ಕಾಳು ಎಂದರೆ ಹೆಚ್ಚುಕಡಿಮೆ ಒಂದು ಕಿಲೋ. ಸಾಸಿವೆ ಆದರೆ ಹತ್ತು ಹನ್ನೆರಡು ಗ್ರಾಂ ಸಾಕು. ಅಷ್ಟನ್ನೂ ನುಣ್ಣಗೆ ಬೀಸಿ, ಚೆನ್ನಾಗಿ ಬೆರೆಸಿ, ಅದರಿಂದ ಒಂದೆರಡು ಗ್ರಾಂ ತೆಗೆದು ಡಿಎನ್‌ಎ ಬೇರ್ಪಡಿಸಬೇಕು. ಬೀಸುವುದು ಒರಟಾದರೆ, ಇಲ್ಲವೇ ಲಾರಿಯ ಒಂದೇ ಮೂಲೆಯಿಂದ ಕಾಳು ತೆಗೆದರೆ, ಮುಂದೆ ಎಷ್ಟು ಲಕ್ಷದ ಯಂತ್ರ ಇದ್ದರೂ ಬರುವ ಅಂಕಿ ಆ ಲಾರಿಯದ್ದಲ್ಲ. ವರದಿಯಲ್ಲಿ ಯಂತ್ರದ ಹೆಸರು ದೊಡ್ಡದಾಗಿ ಇರುತ್ತದೆ. ಮಾದರಿಯನ್ನು ಯಾರು, ಎಷ್ಟು ಜಾಗದಿಂದ, ಎಷ್ಟು ತೂಕ ತೆಗೆದರು ಎಂಬ ಸಾಲು ಬಹಳ ಸಲ ಇರುವುದೇ ಇಲ್ಲ. 'ಗ್ರಾಹಕರು ಒದಗಿಸಿದ ಮಾದರಿ' ಎಂದಷ್ಟೇ ಇರುತ್ತದೆ. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ಯಂತ್ರದ ಒಳಗೂ ಇದೇ ಎಣಿಕೆಯ ಸಮಸ್ಯೆ ಇದೆ. ಒಂದು ಪರೀಕ್ಷೆಗೆ ಸಾಮಾನ್ಯವಾಗಿ 100 ನ್ಯಾನೊಗ್ರಾಂ ಡಿಎನ್‌ಎ ಹಾಕುತ್ತಾರೆ. ಗೋವಿನಜೋಳದ್ದಾದರೆ ಅದರಲ್ಲಿ ಇಡೀ ವಂಶವಾಹಿ ಗಂಟಿನ, ಅಂದರೆ ಜೀನೋಮಿನ, ಸುಮಾರು 37,000 ಪ್ರತಿಗಳಿರುತ್ತವೆ. ಅದರಲ್ಲಿ ಶೇ. 0.1 ಎಂದರೆ 37. ಸರಿ, ಹಿಡಿಯಬಹುದು. ಗೋಧಿಯ ಡಿಎನ್‌ಎ ಬಹಳ ದೊಡ್ಡದು. ಅಷ್ಟೇ ತೂಕದಲ್ಲಿ ಆರು ಸಾವಿರದಷ್ಟು ಪ್ರತಿಗಳು ಮಾತ್ರ, ಶೇ. 0.1 ಎಂದರೆ ಆರು. ಸಿಗಬಹುದು, ಸಿಗದೆಯೂ ಇರಬಹುದು. ಎಲ್ಲ ಬೆಳೆಗೂ ಒಂದೇ ಮಾತಿನಲ್ಲಿ 'ಶೇ. 0.01ರವರೆಗೂ ಹಿಡಿಯುತ್ತೇವೆ' ಎಂದು ಯಾರಾದರೂ ಹೇಳಿದರೆ ಯಾವ ಬೆಳೆಯಲ್ಲಿ ಎಂದು ಕೇಳಿ.

ಪ್ರಮಾಣ ಅಳೆಯುವುದು ಹೀಗೆ. ಸೋಯಾದಲ್ಲಿ ಮಾತ್ರ ಇರುವ ಲೆಕ್ಟಿನ್ ಎಂಬ ವಂಶವಾಹಿಯನ್ನು ಎಣಿಸುತ್ತಾರೆ. ಅದು ಒಟ್ಟು ಸೋಯಾ. ಕುಲಾಂತರಿ ಗಡಿಯನ್ನು ಬೇರೆಯಾಗಿ ಎಣಿಸುತ್ತಾರೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಶೇಕಡಾವಾರು ಬರುತ್ತದೆ. ಆದ್ದರಿಂದ ನಿಯಮಗಳಲ್ಲಿ ಬೆರಕೆಯ ಮಿತಿಯಾಗಿ ಬರುವ ಶೇ. 0.9 ಅಥವಾ ಶೇ. 1 ಎಂಬುದು ಇಡೀ ಪೊಟ್ಟಣದ ಲೆಕ್ಕವಲ್ಲ, ಆ ಒಂದು ಪದಾರ್ಥದ ಲೆಕ್ಕ. ಬಿಸ್ಕತ್ತಿನಲ್ಲಿ ಶೇ. 2ರಷ್ಟು ಸೋಯಾ ಹಿಟ್ಟಿದ್ದು ಅದಷ್ಟೂ ಕುಲಾಂತರಿಯಾದರೆ, ಲೆಕ್ಕದಲ್ಲಿ ಅದು ಶೇ. 100 ಕುಲಾಂತರಿ ಸೋಯಾ.

ಬೀಜೋತ್ಪಾದಕರಾದ ನಿಮಗೆ ಒಂದು ಸೂಕ್ಷ್ಮ ಬೇಗ ಅರ್ಥವಾಗುತ್ತದೆ, ಹೇಳಿಯೇ ಮುಂದೆ ಹೋಗುತ್ತೇನೆ. ಗಂಡು ಸಾಲು ಕುಲಾಂತರಿ, ಹೆಣ್ಣು ಸಾಲು ಸಾದಾ ಎಂದಿಟ್ಟುಕೊಳ್ಳಿ. ಆ ಕ್ರಾಸಿಂಗ್‌ನಲ್ಲಿ, ಅಂದರೆ ಗಂಡಿನ ಪರಾಗವನ್ನು ಹೆಣ್ಣಿಗೆ ತಾಗಿಸಿದಾಗ, ಬಂದ ಗೋವಿನಜೋಳದ ಪ್ರತಿ ಕಾಳೂ ಕುಲಾಂತರಿಯೇ. ಆದರೆ ಮೊಳಕೆಯ ಭಾಗದಲ್ಲಿ ಡಿಎನ್‌ಎ ಅರ್ಧ ಅಪ್ಪನದು, ಹಿಟ್ಟಿನ ಭಾಗದಲ್ಲಿ ಮೂರರಲ್ಲಿ ಒಂದೇ ಪಾಲು ಅಪ್ಪನದು. ಹಾಗಾಗಿ ನೂರಕ್ಕೆ ನೂರು ಕುಲಾಂತರಿ ಕಾಳನ್ನು ಯಂತ್ರ ಅರ್ಧಕ್ಕಿಂತ ಕಡಿಮೆ ಎಂದು ಓದಬಹುದು. ಇದು ಯಂತ್ರದ ತಪ್ಪಲ್ಲ. ತೂಕದ ಶೇಕಡಾ ಬೇರೆ, ಡಿಎನ್‌ಎ ಪ್ರತಿಗಳ ಶೇಕಡಾ ಬೇರೆ. ವರದಿ ಯಾವುದನ್ನು ಹೇಳುತ್ತಿದೆ ಎಂದು ನೋಡಿಕೊಳ್ಳಬೇಕು.

ಇಲ್ಲದ್ದನ್ನು ಇದೆ ಎಂದು ಹೇಳುವ ಅಪಾಯವೂ ಇದೆ. 35ಎಸ್ ತುಣುಕು ಹೂಕೋಸಿನ ವೈರಸ್ಸಿನದು ಎಂದೆನಲ್ಲ, ಆ ವೈರಸ್ ಹೊಲದಲ್ಲಿ ಸಹಜವಾಗಿಯೇ ಇದೆ. ಹೂಕೋಸು, ಎಲೆಕೋಸು, ಸಾಸಿವೆ ಜಾತಿಯ ಗಿಡಗಳಿಗೆ ಅಂಟುತ್ತದೆ. ರೋಗ ಬಂದ ಸಾಸಿವೆಯನ್ನು ಪರೀಕ್ಷಿಸಿದರೆ 35ಎಸ್ ಸಿಗುತ್ತದೆ, ಅದು ಕುಲಾಂತರಿ ಅಲ್ಲ. ಒಳ್ಳೆಯ ಪ್ರಯೋಗಾಲಯ ಆಗ ವೈರಸ್ಸಿನ ಬೇರೆ ವಂಶವಾಹಿಗಳನ್ನೂ ಹುಡುಕುತ್ತದೆ. ಅವೂ ಇದ್ದರೆ ಗಿಡಕ್ಕೆ ರೋಗ ಬಂದಿತ್ತು ಎಂದು ತಿಳಿಯುತ್ತದೆ. ಇನ್ನು ಹಿಟ್ಟಿನ ದೂಳು ಒಂದು ಮಾದರಿಯಿಂದ ಇನ್ನೊಂದಕ್ಕೆ ಹಾರಬಹುದು. ಇಮ್ಮಡಿ ಇಮ್ಮಡಿಯಾಗಿ ಕೋಟಿಗಟ್ಟಲೆ ನಕಲಾದ ಡಿಎನ್‌ಎ ಕೊಠಡಿಯ ಗಾಳಿಗೆ ಸೇರಿದರೆ ನಾಳಿನ ಪ್ರತಿ ಮಾದರಿಯಲ್ಲೂ ಅದೇ ಕಾಣುತ್ತದೆ. ಅದಕ್ಕೇ ಬೀಸುವ ಕೋಣೆ, ಡಿಎನ್‌ಎ ತೆಗೆಯುವ ಕೋಣೆ, ಪಿಸಿಆರ್ ಕೋಣೆ ಬೇರೆ ಬೇರೆ ಇರುತ್ತವೆ. ಕೆಲಸ ಒಂದೇ ದಿಕ್ಕಿನಲ್ಲಿ ಸಾಗಬೇಕು, ಮುಂದಿನ ಕೋಣೆಯ ಸಾಮಾನು ಹಿಂದಿನ ಕೋಣೆಗೆ ಬರಬಾರದು. ಪ್ರತಿ ಸಲವೂ ಏನೂ ಹಾಕದ ಒಂದು ಕೊಳವೆಯನ್ನು ಜೊತೆಗೆ ಓಡಿಸುತ್ತಾರೆ. ಅದರಲ್ಲಿ ಏನಾದರೂ ಕಂಡರೆ ಅಂದಿನ ಎಲ್ಲ ಫಲಿತಾಂಶವನ್ನೂ ಕೈಬಿಡಬೇಕು.

ಹಾಗೆಯೇ ಇದ್ದದ್ದು ಕಾಣದೇ ಹೋಗುವುದೂ ಉಂಟು. ಮಾನ್ 89788 ಎಂಬ ಕಳೆನಾಶಕ ತಾಳುವ ಸೋಯಾ ಇದೆ. ಅದರಲ್ಲಿ 35ಎಸ್ ಇಲ್ಲ, ನಾಸ್ ಕೂಡ ಇಲ್ಲ, ಬೇರೆ ತುಣುಕುಗಳನ್ನು ಬಳಸಿದ್ದಾರೆ. 35ಎಸ್ ಮತ್ತು ನಾಸ್ ಎರಡನ್ನೇ ನೋಡಿ 'ಕುಲಾಂತರಿ ಪತ್ತೆಯಾಗಿಲ್ಲ' ಎಂದು ಬರೆದ ವರದಿ ಈ ಸೋಯಾವನ್ನು ಸಲೀಸಾಗಿ ದಾಟಿಸಿಬಿಡುತ್ತದೆ. ಪರೀಕ್ಷೆ ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಕೇಳದೇ ಬಿಟ್ಟಿದ್ದನ್ನು ಅದಾಗಿ ಬಂದು ಹೇಳುವುದಿಲ್ಲ.

ಒಂದೆರಡು ಪ್ರಕರಣಗಳನ್ನು ನೋಡೋಣ. ಅಮೆರಿಕದಲ್ಲಿ ಸ್ಟಾರ್‌ಲಿಂಕ್ ಎಂಬ ಬಿಟಿ ಗೋವಿನಜೋಳಕ್ಕೆ 1998ರಲ್ಲಿ ದನಗಳ ಮೇವಿಗೆ ಮತ್ತು ಕೈಗಾರಿಕೆಗೆ ಮಾತ್ರ ಅನುಮತಿ ಕೊಟ್ಟರು. ಅದರಲ್ಲಿದ್ದ ಕ್ರೈ9ಸಿ ಪ್ರೋಟೀನು ಬೇಗ ಜೀರ್ಣವಾಗುವುದಿಲ್ಲ, ಅಲರ್ಜಿ ತರಬಹುದೇನೋ ಎಂಬ ಸಂಶಯ ಇತ್ತು. 2000ನೇ ಇಸವಿಯ ಸೆಪ್ಟೆಂಬರ್‌ನಲ್ಲಿ ಕೆಲವು ಸ್ವಯಂಸೇವಾ ಸಂಘಟನೆಗಳು ಅಂಗಡಿಯಿಂದ ಗೋವಿನಜೋಳದ ಟ್ಯಾಕೊ ತಿಂಡಿಯ ಪೊಟ್ಟಣ ತಂದು ಅಯೋವಾದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದವು. ಸ್ಟಾರ್‌ಲಿಂಕ್ ಸಿಕ್ಕಿತು. ಮುನ್ನೂರಕ್ಕೂ ಹೆಚ್ಚು ಬಗೆಯ ತಿಂಡಿಗಳನ್ನು ವಾಪಸ್ ತರಿಸಬೇಕಾಯಿತು. ಅದನ್ನು ಬೆಳೆದಿದ್ದು ಆ ದೇಶದ ಒಟ್ಟು ಗೋವಿನಜೋಳದ ಪ್ರದೇಶದಲ್ಲಿ ಶೇ. 1ಕ್ಕಿಂತ ಕಡಿಮೆ. ಒಂದೇ ಗೋದಾಮು, ಒಂದೇ ರೈಲು, ಒಂದೇ ಗಿರಣಿ, ಪರಾಗ ಹಾರಿ ಬೀಳುವ ಪಕ್ಕದ ಹೊಲ. ಮೇವಿಗೆ ಬೇರೆ, ಊಟಕ್ಕೆ ಬೇರೆ ಎಂದು ಕಾಗದದಲ್ಲಿ ಬರೆದದ್ದು ಹೊಲದಲ್ಲಿ ನಡೆಯಲಿಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. ಅಲರ್ಜಿ ಆಯಿತೆಂದು ದೂರಿದ 28 ಜನರ ಪ್ರಕರಣಗಳನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ತನಿಖೆ ಮಾಡಿತು. ಆ ತೊಂದರೆಗಳಿಗೆ ಕ್ರೈ9ಸಿ ಕಾರಣ ಎಂಬುದಕ್ಕೆ ಆಧಾರ ಸಿಗಲಿಲ್ಲ. ಪತ್ತೆಯಾಗುವುದು ಒಂದು ವಿಷಯ, ಕೇಡಾಗುವುದು ಇನ್ನೊಂದು. ಎರಡನ್ನೂ ಬೆರೆಸಿ ಮಾತಾಡಬಾರದು.

2006ರ ಆಗಸ್ಟ್‌ನಲ್ಲಿ ಅಮೆರಿಕದ ಉದ್ದಕ್ಕಿಯಲ್ಲಿ ಎಲ್‌ಎಲ್ 601 ಎಂಬ ಕುಲಾಂತರಿ ಭತ್ತದ ಕುರುಹು ಸಿಕ್ಕಿತು. ಅದರ ಹೊಲದ ಪ್ರಯೋಗ 2001ರಲ್ಲೇ ಮುಗಿದಿತ್ತು, ಮಾರಾಟಕ್ಕೆ ಬಂದೇ ಇರಲಿಲ್ಲ. ಐದು ವರ್ಷದ ಮೇಲೆ ರಫ್ತಿನ ಅಕ್ಕಿಯಲ್ಲಿ ಕಂಡಿತು. ಅಕ್ಕಿಯ ಬೆಲೆ ಕುಸಿಯಿತು, ಯುರೋಪಿನ ಮಾರುಕಟ್ಟೆ ಕೈತಪ್ಪಿತು. ಆ ಭತ್ತದ ಒಡೆತನ ಹೊಂದಿದ್ದ ಬೇಯರ್ ಕಂಪನಿ 2011ರಲ್ಲಿ ರೈತರ ಜೊತೆ 75 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಪ್ರಯೋಗದ ಹೊಲದಲ್ಲಿ ಇರುವಾಗಲೇ ಅದರ ಪತ್ತೆ ವಿಧಾನ ಸಾರ್ವಜನಿಕವಾಗಿ ಸಿಗುವಂತಿರಬೇಕು ಎಂದು ನಾನು ಹಟ ಹಿಡಿಯುವುದು ಇಂಥ ಪ್ರಕರಣಗಳ ಕಾರಣಕ್ಕೆ.

ನಮ್ಮ ದೇಶದ ಕಥೆಯೂ ಹೀಗೇ. ಬಿಟಿ ಹತ್ತಿಗೆ ಅನುಮತಿ ಸಿಗುವ ಮೊದಲೇ, 2001ರಲ್ಲಿ, ಗುಜರಾತಿನಲ್ಲಿ ನವಭಾರತ್ 151 ಎಂಬ ಹೆಸರಿನಲ್ಲಿ ಸಾವಿರಾರು ಎಕರೆಯಲ್ಲಿ ಬಿಟಿ ಹತ್ತಿ ಬೆಳೆದು ನಿಂತಿತ್ತು. ಬದನೆಯದು ನಮ್ಮ ರಾಜ್ಯಕ್ಕೆ ಹತ್ತಿರದ ಕಥೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಪಾಲ್ಗೊಂಡು ಇಲ್ಲಿನ ಸ್ಥಳೀಯ ಬದನೆಗಳಿಗೆ ಇಇ-1 ಸೇರಿಸಿದ್ದರು. ಬೆಂಗಳೂರೂ ಸೇರಿದಂತೆ ಏಳು ಊರುಗಳಲ್ಲಿ ಸಾರ್ವಜನಿಕ ಸಭೆ ನಡೆಸಿದ ಮೇಲೆ, 2010ರ ಫೆಬ್ರುವರಿ 9ರಂದು ಆಗಿನ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಅದಕ್ಕೆ ತಡೆ ಹಾಕಿದರು. ಆ ತಡೆ ಇರುವಾಗಲೇ 2019ರಲ್ಲಿ ಹರಿಯಾಣದ ಫತೇಹಾಬಾದ್ ಜಿಲ್ಲೆಯ ಒಂದು ಹೊಲದಲ್ಲಿ ಬಿಟಿ ಬದನೆ ಸಿಕ್ಕಿತು. ದೆಹಲಿಯ ಎನ್‌ಬಿಪಿಜಿಆರ್ ಅದನ್ನು ಖಚಿತಪಡಿಸಿತು, ಬೆಳೆಯನ್ನು ಕಿತ್ತು ಹಾಕಿದರು. ರೈತನಿಗೆ ತಾನು ತಂದ ಸಸಿಯಲ್ಲಿ ಏನಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ ಎಂಬುದನ್ನು ಮರೆಯಬೇಡಿ. ಎಲ್ಲ ಬದನೆಯೂ ಕಣ್ಣಿಗೆ ಬದನೆಯೇ.

ಈಗ ಎಣ್ಣೆಗೆ ಬರೋಣ. ನಮಗೆ ನೇರವಾಗಿ ತಾಗುವುದು ಇದೇ. ಭಾರತದ ಹತ್ತಿಯಲ್ಲಿ ಶೇ. 90ಕ್ಕೂ ಹೆಚ್ಚು ಬಿಟಿ. ಅರಳೆ ಬಿಡಿಸಿದ ಮೇಲೆ ಉಳಿದ ಕಾಳು ಗಿರಣಿಗೆ ಹೋಗುತ್ತದೆ. ಎಣ್ಣೆ ಅಡುಗೆಗೆ, ವನಸ್ಪತಿಗೆ, ಕರಿದ ತಿಂಡಿಗೆ ಹೋಗುತ್ತದೆ. ಗುಜರಾತಿನಲ್ಲಂತೂ ಹತ್ತಿಕಾಳೆಣ್ಣೆಯೇ ಬಹಳ ಮನೆಗಳ ಅಡುಗೆ ಎಣ್ಣೆ. ಹಿಂಡಿ ನಮ್ಮ ಎಮ್ಮೆ, ಎತ್ತುಗಳಿಗೆ. ಹೊರದೇಶದ ಕುಲಾಂತರಿ ಸೋಯಾದ ಸಂಸ್ಕರಿಸಿದ ಎಣ್ಣೆಯೂ ಅನುಮತಿ ಪಡೆದೇ ಬರುತ್ತದೆ. 2021ರಲ್ಲಿ ಕೋಳಿ ಆಹಾರದ ಬೆಲೆ ಏರಿದಾಗ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೂ ಸರ್ಕಾರ ಒಪ್ಪಿತು. ಹಾಗಿದ್ದರೆ ಎಣ್ಣೆ ಬಾಟಲಿಯನ್ನು ಪರೀಕ್ಷಿಸಿ ಹೇಳಬಹುದಲ್ಲ? ಹೇಳಲಾಗದು. ಎಣ್ಣೆಯನ್ನು ಶುದ್ಧ ಮಾಡುವಾಗ ಅಂಟನ್ನು ತೆಗೆಯುತ್ತಾರೆ, ಬಣ್ಣ ಹೋಗಲು ಜೇಡಿಮಣ್ಣಿನ ಮೂಲಕ ಸೋಸುತ್ತಾರೆ, ವಾಸನೆ ಹೋಗಲು 200 ಡಿಗ್ರಿ ದಾಟಿ ಕಾಯಿಸಿ ಹಬೆ ಹಾಯಿಸುತ್ತಾರೆ. ಡಿಎನ್‌ಎ ಇರುವುದು ನೀರಿನಂಶದಲ್ಲಿ, ಜಿಡ್ಡಿನಲ್ಲಿ ಅದು ಕರಗುವುದಿಲ್ಲ. ಕೊನೆಗೆ ಬಾಟಲಿಗೆ ಬರುವ ಎಣ್ಣೆಯಲ್ಲಿ ವಾಡಿಕೆಯ ಪರೀಕ್ಷೆಗೆ ಸಿಗುವಷ್ಟು ಡಿಎನ್‌ಎಯೂ ಇರುವುದಿಲ್ಲ, ಪ್ರೋಟೀನೂ ಇರುವುದಿಲ್ಲ. ಸಕ್ಕರೆ ಪಾಕಗಳ ಸ್ಥಿತಿಯೂ ಇದೇ. ಹಾಲಿನದೂ ಇದೇ: ಎಮ್ಮೆ ಯಾವ ಹಿಂಡಿ ತಿಂದಿತು ಎಂದು ಹಾಲನ್ನು ಕೇಳಿ ತಿಳಿಯಲಾಗದು.

ಡಿಎನ್‌ಎಯೇ ಇಲ್ಲದಿದ್ದರೆ ಮತ್ತೇಕೆ ಚಿಂತೆ ಎಂದು ಕೆಲವರು ಕೇಳುತ್ತಾರೆ. ಆರೋಗ್ಯದ ದೃಷ್ಟಿಯಿಂದ ಆ ಪ್ರಶ್ನೆಗೆ ತೂಕ ಇದೆ, ಒಪ್ಪುತ್ತೇನೆ. ಆದರೆ ಎಣ್ಣೆ ಕೊಳ್ಳುವವರು ಅದನ್ನು ಬೆಳೆದ ಬಗೆಯನ್ನೂ ಆರಿಸಿಕೊಳ್ಳಬಯಸಬಹುದು. ಈ ವಿಷಯದಲ್ಲಿ ದೇಶಗಳು ಎರಡು ದಾರಿ ಹಿಡಿದಿವೆ. ಜಪಾನ್ ಎಣ್ಣೆಯಂಥ, ಪತ್ತೆಯಾಗದ ಪದಾರ್ಥಗಳಿಗೆ ಲೇಬಲ್ ಕಡ್ಡಾಯ ಮಾಡಲಿಲ್ಲ. ಯುರೋಪ್ ಕೂಡ ಮೊದಲು ಹಾಗೆಯೇ ಇತ್ತು, ಆದರೆ 2004ರಿಂದ ದಾರಿ ಬದಲಿಸಿತು. ಡಿಎನ್‌ಎ ಸಿಗಲಿ, ಸಿಗದಿರಲಿ, ಕುಲಾಂತರಿ ಬೆಳೆಯಿಂದ ಬಂದಿದ್ದರೆ ಲೇಬಲ್ ಹಾಕಬೇಕು. ಬೀಜ ಮಾರಿದವರಿಂದ ಹಿಡಿದು ಎಣ್ಣೆ ತುಂಬಿದವರವರೆಗೆ ಪ್ರತಿಯೊಬ್ಬರೂ ಯಾರಿಂದ ಕೊಂಡೆ, ಯಾರಿಗೆ ಕೊಟ್ಟೆ ಎಂಬ ದಾಖಲೆಯನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಅಲ್ಲಿ ಪರೀಕ್ಷೆಯ ಕೆಲಸ ಆ ದಾಖಲೆ ನಿಜವೇ ಎಂದು ಕಾಳಿನ ಹಂತದಲ್ಲಿ ಅಲ್ಲಲ್ಲಿ ಹಿಡಿದು ನೋಡುವುದು. ನನ್ನ ಮಟ್ಟಿಗೆ ಪ್ರಾಮಾಣಿಕವಾದ ದಾರಿ ಅದು. ಹಾಲು, ಮಾಂಸ, ಮೊಟ್ಟೆಗಳನ್ನು ಯುರೋಪಿನವರೂ ಹೊರಗೆ ಬಿಟ್ಟಿದ್ದಾರೆ ಎಂಬುದು ನಿಜ.

ನಮ್ಮಲ್ಲಿ ಕಾನೂನುಗಳಿಗೆ ಕೊರತೆ ಇಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 22ನೇ ಕಲಂ ಅನುಮತಿ ಇಲ್ಲದ ಕುಲಾಂತರಿ ಆಹಾರವನ್ನು ತಡೆಯುತ್ತದೆ. 2013ರ ಜನವರಿಯಲ್ಲಿ ಪೊಟ್ಟಣದ ಮೇಲೆ 'ಜಿಎಂ' (ಕುಲಾಂತರಿ) ಎಂದು ಬರೆಯಬೇಕೆಂಬ ನಿಯಮ ಜಾರಿಗೆ ಬಂತು. ನಿಮ್ಮಲ್ಲಿ ಯಾರಾದರೂ ಅಂಗಡಿಯಲ್ಲಿ ಅದನ್ನು ಕಂಡಿದ್ದೀರಾ? (ಸಭೆಯಲ್ಲಿ ಯಾರೂ ಕೈ ಎತ್ತಲಿಲ್ಲ.) 2021ರಿಂದ 24 ಬೆಳೆಗಳ ಆಮದಿಗೆ ಕುಲಾಂತರಿ ಅಲ್ಲ ಎಂಬ ಪ್ರಮಾಣಪತ್ರ ಬೇಕು, ಶೇ. 1ರವರೆಗಿನ ಆಕಸ್ಮಿಕ ಬೆರಕೆಗೆ ವಿನಾಯಿತಿ. ಈ ನಡುವೆ 2018ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಅಂಗಡಿಗಳಿಂದ 65 ಆಹಾರ ಮಾದರಿ ತಂದು ಪರೀಕ್ಷಿಸಿತು. ಶೇ. 32ರಲ್ಲಿ ಕುಲಾಂತರಿ ಅಂಶ ಸಿಕ್ಕಿತು, ಅವುಗಳಲ್ಲಿ ಬಹುಪಾಲು ಆಮದಾದವು. ಒಂದು ಸಂಸ್ಥೆ ತನ್ನ ಖರ್ಚಿನಲ್ಲಿ ಹುಡುಕಿದಾಗ ಸಿಗುವುದು, ಹುಡುಕುವುದೇ ಕೆಲಸವಾದವರಿಗೆ ಸಿಗದೇ ಇರುವುದು, ಇದನ್ನು ನಾವು ಕೇಳಲೇಬೇಕಾದ ಪ್ರಶ್ನೆ ಎಂದು ತಿಳಿಯುತ್ತೇನೆ.

ಮುಂದಿನ ದಿನಗಳು ಇನ್ನೂ ಕಠಿಣ. 2025ರ ಮೇ ತಿಂಗಳಲ್ಲಿ ಡಿಆರ್‌ಆರ್ ಧಾನ್ 100 ಮತ್ತು ಪೂಸಾ ಡಿಎಸ್‌ಟಿ ರೈಸ್ 1 ಎಂಬ, ವಂಶವಾಹಿ ತಿದ್ದಿದ ಎರಡು ಭತ್ತದ ತಳಿಗಳನ್ನು ಕೇಂದ್ರ ಸರ್ಕಾರ ಘೋಷಿಸಿತು. ಇವುಗಳಲ್ಲಿ ಹೊರಗಿನ ವಂಶವಾಹಿಯನ್ನು ಉಳಿಸಿಲ್ಲ, ಭತ್ತದ ಸ್ವಂತ ಅಕ್ಷರಗಳನ್ನೇ ಅಲ್ಲಲ್ಲಿ ತಿದ್ದಿದ್ದಾರೆ. ಇಂಥವನ್ನು 2022ರಿಂದಲೇ ಕುಲಾಂತರಿ ನಿಯಮಗಳಿಂದ ಹೊರಗಿಟ್ಟಿದ್ದಾರೆ. 35ಎಸ್ ಇಲ್ಲ, ನಾಸ್ ಇಲ್ಲ, ಹೊಲಿಗೆಯ ಗಡಿಯೂ ಇಲ್ಲ. ಯಾವ ಅಕ್ಷರ ಬದಲಾಗಿದೆ ಎಂದು ತಿಳಿಸಿದರೆ ಪಿಸಿಆರ್ ಅದನ್ನು ಹುಡುಕಬಲ್ಲದು. ಆದರೆ ಆ ಬದಲಾವಣೆ ಕೈಯಿಂದ ಆದದ್ದೋ, ಬಿಸಿಲಿಗೆ, ಕಾಲಕ್ಕೆ ತಾನಾಗಿ ಆದದ್ದೋ ಎಂದು ಯಂತ್ರ ಹೇಳಲಾರದು. ಇಲ್ಲಿ ಬೀಜದ ದಾಖಲೆಯೊಂದೇ ಆಧಾರ.

ಪ್ರಶ್ನೋತ್ತರದಲ್ಲಿ ಹಿರಿಯ ರೈತರೊಬ್ಬರು ಕೇಳಿದರು: "ಗಾಣದ ಎಣ್ಣೆನಾದ್ರೂ ಪರೀಕ್ಷೆಗೆ ಸಿಗತೈತೇನ್ರೀ?" ಸಿಗುವ ಸಾಧ್ಯತೆ ಇದೆ. ಗಾಣದ ಎಣ್ಣೆಯಲ್ಲಿ ಕಾಳಿನ ಸಣ್ಣ ಚೂರುಗಳು ಉಳಿದಿರುತ್ತವೆ, ತಳದ ಗಸಿಯಿಂದ ಡಿಎನ್‌ಎ ತೆಗೆಯಬಹುದು. ಆದರೆ ಶೇಂಗಾ, ಕುಸುಬಿ, ಎಳ್ಳು ಯಾವುದರಲ್ಲೂ ನಮ್ಮಲ್ಲಿ ಕುಲಾಂತರಿಗೆ ಅನುಮತಿ ಇಲ್ಲ. ಹಾಗಾಗಿ ಅಲ್ಲಿ ನೋಡಬೇಕಾದದ್ದು ಹತ್ತಿಕಾಳೆಣ್ಣೆ ಬೆರೆಸಿದ್ದಾರೆಯೇ ಎಂದು.

ಒಬ್ಬ ಶಿಕ್ಷಕಿ, ಮನೆಯಲ್ಲೋ ಶಾಲೆಯಲ್ಲೋ ಈ ಪರೀಕ್ಷೆ ಮಾಡಬಹುದೇ ಎಂದು ಕೇಳಿದರು. ಬೆಂದ ಆಹಾರಕ್ಕೆ ಆಗದು. ಬಾಳೆಹಣ್ಣು, ಉಪ್ಪು, ಪಾತ್ರೆ ತೊಳೆಯುವ ದ್ರಾವಣ, ತಣ್ಣನೆಯ ಸ್ಪಿರಿಟ್ ಇದ್ದರೆ ಮಕ್ಕಳಿಗೆ ಡಿಎನ್‌ಎಯನ್ನು ಕಣ್ಣಾರೆ ತೋರಿಸಬಹುದು, ಅದನ್ನು ಖಂಡಿತ ಮಾಡಿ.

ಕೊನೆಯ ಪ್ರಶ್ನೆ ಬೀಜೋತ್ಪಾದನೆ ಮಾಡುವ ಯುವಕರೊಬ್ಬರದು. ಕಂಪನಿಯವರು ಕೊಟ್ಟ ಬೀಜದಲ್ಲಿ ಅನುಮತಿ ಇಲ್ಲದ್ದು ಇದ್ದರೆ ನನ್ನ ಗತಿ ಏನು ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಗಂಡು, ಹೆಣ್ಣು ಎರಡೂ ಬೀಜದ ಚೀಲದ ಲಾಟ್ ಸಂಖ್ಯೆ ಮತ್ತು ರಸೀದಿ ಇಟ್ಟುಕೊಳ್ಳಿ. ಬಿತ್ತುವ ಮೊದಲು ಪ್ರತಿ ಲಾಟಿನಿಂದ ಒಂದು ಹಿಡಿ ಬೀಜವನ್ನು ಕಾಗದದ ಲಕೋಟೆಯಲ್ಲಿ ಹಾಕಿ, ಕೊಟ್ಟವರ ಸಹಿ ಮಾಡಿಸಿ, ಒಣ ಜಾಗದಲ್ಲಿ ಎತ್ತಿಡಿ. ಗಿಡ ನಾಲ್ಕೆಲೆ ಆದಾಗ ಬೇರೆ ಬೇರೆ ಸಾಲಿನ ಎಲೆಗಳಿಗೆ ಪಟ್ಟಿ ಪರೀಕ್ಷೆ ಮಾಡಿಸಿ, ಫೋಟೊ ತೆಗೆದಿಡಿ. ಸಂಶಯ ಬಂದರೆ ಕ್ರಾಸಿಂಗ್ ಶುರುವಾಗುವ ಮೊದಲೇ ಲಿಖಿತವಾಗಿ ತಿಳಿಸಿ. ಪ್ರಯೋಗಾಲಯಕ್ಕೆ ಕಳಿಸುವುದಾದರೆ ಯಾವ ಯಾವ ತುಣುಕು ಮತ್ತು ಈವೆಂಟುಗಳನ್ನು ಹುಡುಕಬೇಕು ಎಂದು ಅರ್ಜಿಯಲ್ಲಿ ಹೆಸರಿಸಿ ಬರೆಯಿರಿ. ಎಷ್ಟು ಕಡಿಮೆ ಪ್ರಮಾಣದವರೆಗೆ ಹಿಡಿಯಬಲ್ಲರು ಎಂಬುದನ್ನು ವರದಿಯಲ್ಲಿ ನಮೂದಿಸುವಂತೆಯೂ ಕೇಳಿ.